ಪರಿಚಯದ ಪದಗಳೇ ಕೈಕೊಟ್ಟಾಗ

ಜರ್ಮನಿಯ ಇಂಗ್ಲಿಷ್ ಮೇಷ್ಟರುಗಳ ನಡುವೆ ಹಳೆಯದೊಂದು ನಗೆಹನಿ ಇದೆ. ಲಂಡನ್ನಿನ ಹೋಟೆಲೊಂದರಲ್ಲಿ ಊಟಕ್ಕೆ ಕಾದು ಬೇಸತ್ತ ಜರ್ಮನ್ ಪ್ರವಾಸಿ, ತನಗೆ ಬಂದ ಇಂಗ್ಲಿಷಿನಲ್ಲಿ ಮಾಣಿಯನ್ನು ಕೇಳುತ್ತಾನೆ: 'ನಾನು ಮಾಂಸದ ತುಂಡಾಗುವುದು ಯಾವಾಗ?' ಮಾಣಿ ವಿನಯದಿಂದ, 'ಎಂದೂ ಆಗದಿರಲಿ ಸ್ವಾಮಿ' ಎನ್ನುತ್ತಾನೆ. ಜರ್ಮನ್ನಿನ 'ಬೆಕೊಮ್ಮೆನ್' ಎಂದರೆ ಸಿಗುವುದು, ಪಡೆಯುವುದು. ಇಂಗ್ಲಿಷಿನ 'ಬಿಕಮ್' ಅದರ ಒಡಹುಟ್ಟು. ಅರ್ಥ ಮಾತ್ರ ಬೇರೆ, ಆಗುವುದು ಎಂದು.

ಹೋಟೆಲಿನಲ್ಲಾದರೆ ಇದು ನಗುವಿನಲ್ಲಿ ಮುಗಿಯುತ್ತದೆ. ವ್ಯಾಪಾರದ ಪತ್ರದಲ್ಲಿ ಹಾಗಲ್ಲ. ಜರ್ಮನ್ ಭಾಷೆಯಲ್ಲಿ 'ಎವೆಂಟುಯೆಲ್' ಎಂದರೆ 'ಆದರೆ ಆಗಬಹುದು' ಎಂಬಷ್ಟೇ ಅರ್ಥ. ಅದನ್ನೇ ನೆನೆದು ಗುಮಾಸ್ತನೊಬ್ಬ 'ನಾವು ಇವೆಂಚುಯಲಿ ಹಣ ಪಾವತಿ ಮಾಡುತ್ತೇವೆ' ಎಂದು ಬರೆದರೆ, ಓದಿದ ಇಂಗ್ಲಿಷರವನಿಗೆ ತಡವಾದರೂ ಹಣ ಬಂದೇ ಬರುತ್ತದೆ ಎಂಬ ಭರವಸೆ. 'ಪ್ರೊವಿಜಿಯೋನ್' ಜರ್ಮನ್ನರಿಗೆ ದಲ್ಲಾಳಿಯ ಕಮಿಷನ್. ಇಂಗ್ಲಿಷಿನ 'ಪ್ರಾವಿಜನ್' ಕರಾರಿನ ಒಂದು ಷರತ್ತು, ಇಲ್ಲವೇ ಲೆಕ್ಕದಲ್ಲಿ ತೆಗೆದಿಟ್ಟ ಮೊತ್ತ. ಉದ್ಯಮಿಗೆ ಜರ್ಮನ್ನಿನಲ್ಲಿ 'ಉಂಟರ್‌ನೇಮರ್'. ಪದವನ್ನು ಬಿಡಿಸಿ ಇಂಗ್ಲಿಷಿಗೆ ತಂದರೆ 'ಅಂಡರ್‌ಟೇಕರ್', ಅಂದರೆ ಶವಸಂಸ್ಕಾರದ ಏರ್ಪಾಡು ಮಾಡುವವ. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಆ ಪದ ಯಾವುದೇ ಕೆಲಸವನ್ನು ಹೊತ್ತುಕೊಂಡವನಿಗೆ ಸಲ್ಲುತ್ತಿತ್ತು. ಕ್ರಮೇಣ ಸ್ಮಶಾನದ ಕಡೆಗೆ ಸರಿಯಿತು.

ಕನ್ನಡಿಗರಿಗೆ ಇದು ಅಪರಿಚಿತ ಪಾಡೇನಲ್ಲ. ನಮ್ಮ 'ಉಪನ್ಯಾಸ' ಹಿಂದಿಯಲ್ಲಿ ಕಾದಂಬರಿ, ನಮ್ಮ 'ಶಿಕ್ಷೆ' ಅಲ್ಲಿ ವಿದ್ಯಾಭ್ಯಾಸ. ಇಂತಹ ಪದಗಳಿಗೆ 'ಸುಳ್ಳು ಗೆಳೆಯರು' ಎಂಬ ಹೆಸರು ನೆಲೆಯಾದದ್ದು 1928ರಲ್ಲಿ, ಕೆಸ್ಲರ್ ಮತ್ತು ಡೆರೊಕಿನ್ಯಿ ಎಂಬಿಬ್ಬರು ಫ್ರೆಂಚ್-ಇಂಗ್ಲಿಷ್ ಪದಗಳನ್ನು ಕುರಿತು ಪ್ರಕಟಿಸಿದ ಪುಸ್ತಕದಿಂದ. ಜರ್ಮನ್ ಮತ್ತು ಇಂಗ್ಲಿಷ್ ಒಂದೇ ಮನೆತನದ ಭಾಷೆಗಳಾದ್ದರಿಂದ ಕಲಿಯುವವನಿಗೆ ಅರ್ಧ ದಾರಿ ಮೊದಲೇ ಸವೆದಿರುತ್ತದೆ. ಅಪಾಯ ಇರುವುದೂ ಅಲ್ಲೇ. ಗೊತ್ತಿಲ್ಲದ ಪದವನ್ನು ಆತ ನಿಘಂಟಿನಲ್ಲಿ ಹುಡುಕುತ್ತಾನೆ. ಗೊತ್ತಿದೆ ಎಂದುಕೊಂಡದ್ದನ್ನು ಯಾರು ಹುಡುಕುತ್ತಾರೆ?

ಜರ್ಮನ್ನರ ವ್ಯಾಪಾರದ ಮಾತಿಗೆ ಮೊದಲ ಸಾಲ ಬಂದದ್ದು ಇಂಗ್ಲಿಷಿನಿಂದಲ್ಲ, ಇಟಲಿಯಿಂದ. ವೆನಿಸ್ಸಿನ ಕಾಲುವೆಯ ದಂಡೆಯಲ್ಲಿ ಜರ್ಮನ್ ವರ್ತಕರಿಗಾಗಿಯೇ ದೊಡ್ಡದೊಂದು ಕೋಠಿ ಇತ್ತು. ಆಲ್ಪ್ಸ್ ದಾಟಿ ಬಂದವರು ಅಲ್ಲಿ ಇಳಿದುಕೊಂಡು ಸರಕು ಮಾರುತ್ತಿದ್ದರು. ಹೀಗೆ ಇಟಲಿಯ ನಂಟಿನಿಂದ ಬಂದ ಕೊಂಟೊ, ಜಾಲ್ಡೊ, ಬಿಲಾಂಟ್ಸ್, ನೆಟ್ಟೊ ಮುಂತಾದ ಲೆಕ್ಕದ ಪದಗಳು ಇಂದಿಗೂ ಜರ್ಮನ್ ಬ್ಯಾಂಕುಗಳಲ್ಲಿ ಉಳಿದಿವೆ. ಇಂಗ್ಲಿಷಿನ ಒತ್ತಡ ಬಲವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1887ರಲ್ಲಿ ಬ್ರಿಟನ್ ತಂದ ಸರಕು ಮುದ್ರೆಯ ಕಾಯಿದೆಯಿಂದಾಗಿ ಜರ್ಮನ್ ಕಾರ್ಖಾನೆಗಳು ತಮ್ಮ ಸರಕಿನ ಮೇಲೆ 'ಮೇಡ್ ಇನ್ ಜರ್ಮನಿ' ಎಂದು ಒತ್ತಬೇಕಾಯಿತು. ಕಳಪೆ ಮಾಲೆಂದು ತೋರಿಸಲು ಹಾಕಿಸಿದ ಮುದ್ರೆಯೇ ಮುಂದೆ ಗುಣಮಟ್ಟದ ಗುರುತಾಯಿತು.

ದುಡಿಯುವ ವಯಸ್ಕನಿಗೆ ಶಾಲೆಗೆ ಹೋಗಲು ಪುರುಸೊತ್ತಿಲ್ಲ ಎಂಬುದನ್ನು ಮೊದಲು ಕಂಡುಕೊಂಡವರಲ್ಲಿ ಬರ್ಲಿನ್ನಿನ ಗುಸ್ತಾವ್ ಲಾಂಗೆನ್‌ಶೈಟ್ ಒಬ್ಬ. ಷಾರ್ಲ್ ಟೂಸೆಂಟ್ ಎಂಬ ಫ್ರೆಂಚ್ ಶಿಕ್ಷಕನೊಡನೆ ಆತ ಮನೆಯಲ್ಲೇ ಕಲಿಯುವ ಅಂಚೆಪಾಠಗಳನ್ನು ರಚಿಸಿದ. ಪ್ರಕಾಶಕರು ಸಿಗದೆ 1856ರಲ್ಲಿ ತಾನೇ ಪ್ರಕಾಶನ ತೆರೆದ. ಮೊದಲು ಫ್ರೆಂಚ್, ಬಳಿಕ ಇಂಗ್ಲಿಷ್. ಪ್ರತಿ ಪದಕ್ಕೂ ಉಚ್ಚಾರಣೆ ಮತ್ತು ಜರ್ಮನ್ ಅರ್ಥ ಜೊತೆಗೇ ಇರುತ್ತಿದ್ದವು.

ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದವನೂ ಜರ್ಮನ್ ನೆಲದವನೇ. ವ್ಯುರ್ಟೆಂಬೆರ್ಗ್‌ನಲ್ಲಿ 1852ರಲ್ಲಿ ಹುಟ್ಟಿದ ಮಾಕ್ಸಿಮಿಲಿಯನ್ ಬರ್ಲಿಟ್ಜ್ ಅಮೆರಿಕಕ್ಕೆ ವಲಸೆ ಹೋಗಿ 1878ರಲ್ಲಿ ಭಾಷಾಶಾಲೆ ತೆರೆದ. ಸಂಸ್ಥೆ ಹೇಳಿಕೊಂಡು ಬಂದ ಕಥೆಯ ಪ್ರಕಾರ, ಆತ ನೇಮಿಸಿಕೊಂಡ ಫ್ರೆಂಚ್ ಸಹಾಯಕನಿಗೆ ಇಂಗ್ಲಿಷೇ ಬರುತ್ತಿರಲಿಲ್ಲ. ಬರ್ಲಿಟ್ಜ್ ಕಾಯಿಲೆ ಬಿದ್ದು ಮಲಗಿದ್ದ ಕೆಲವು ವಾರಗಳಲ್ಲಿ ಸಹಾಯಕ ವಸ್ತುಗಳನ್ನು ಬೆರಳಿಟ್ಟು ತೋರಿಸುತ್ತ, ಅಭಿನಯಿಸುತ್ತ ಪಾಠ ಮಾಡಿದ; ಮರಳಿ ಬಂದು ನೋಡಿದರೆ ವಿದ್ಯಾರ್ಥಿಗಳು ಫ್ರೆಂಚಿನಲ್ಲೇ ಹರಟುತ್ತಿದ್ದರು! ಅಂದಿನಿಂದ ಬರ್ಲಿಟ್ಜ್ ಶಾಲೆಗಳಲ್ಲಿ ಅನುವಾದಕ್ಕೆ ಬಹಿಷ್ಕಾರ.

ಆ ಶಾಲೆಗಳ ಒಬ್ಬ ಬಡ ಮೇಷ್ಟ್ರು ಜೇಮ್ಸ್ ಜಾಯ್ಸ್. 1904ರಲ್ಲಿ ಪೋಲಾ ಎಂಬ ಬಂದರಿನಲ್ಲಿ ಆಸ್ಟ್ರಿಯಾ-ಹಂಗೇರಿಯ ನೌಕಾಧಿಕಾರಿಗಳಿಗೂ, ಮರುವರ್ಷದಿಂದ ಟ್ರೀಸ್ಟ್ ನಗರದಲ್ಲಿ ವರ್ತಕರಿಗೂ ಪಾಠ ಹೇಳಿದ. 1907ರ ಸುಮಾರಿಗೆ ಅವನಿಂದ ಖಾಸಗಿ ಪಾಠ ಹೇಳಿಸಿಕೊಂಡವರಲ್ಲಿ ಎತ್ತೋರೆ ಶ್ಮಿಟ್ಸ್ ಎಂಬ ನಡುವಯಸ್ಸಿನ ಉದ್ಯಮಿಯೂ ಇದ್ದ. ಬಾಲ್ಯದಲ್ಲಿ ಬವೇರಿಯಾದ ಶಾಲೆಯಲ್ಲಿ ಜರ್ಮನ್ ಕಲಿತು, ವಿಯೆನ್ನಾದ ಬ್ಯಾಂಕೊಂದರ ಶಾಖೆಯಲ್ಲಿ ವರ್ಷಗಟ್ಟಲೆ ಪತ್ರವ್ಯವಹಾರ ನೋಡಿಕೊಂಡವನು. ಮಾವನ ಹಡಗು ಬಣ್ಣದ ಕಂಪನಿ ಲಂಡನ್ನಿನಲ್ಲಿ ಕಾರ್ಖಾನೆ ತೆರೆದದ್ದರಿಂದ ಇಂಗ್ಲಿಷ್ ಬೇಕಾಯಿತು. ಪಾಠ ವ್ಯಾಪಾರದಲ್ಲೇ ನಿಲ್ಲಲಿಲ್ಲ. ಶಿಷ್ಯ ತಾನು ಹಿಂದೆ ಬರೆದು ಯಾರೂ ಓದದಿದ್ದ ಎರಡು ಕಾದಂಬರಿಗಳನ್ನು ಗುರುವಿನ ಕೈಗಿತ್ತ, ಗುರು ಮೆಚ್ಚಿದ. ಇಟಾಲಿಯನ್ ಸಾಹಿತ್ಯ ಅವನನ್ನು ಇಂದು ಇತಾಲೊ ಸ್ವೇವೊ ಎಂದು ಬಲ್ಲದು.

ಎಲ್ಲ ಶಿಷ್ಯರಿಗೂ ಜಾಯ್ಸ್‌ನಂಥವರು ಸಿಗುವುದಿಲ್ಲ. ಬರ್ಲಿಟ್ಜ್ ಪದ್ಧತಿಯ ಕೊರತೆ ಕಾಣುವುದು ವ್ಯವಹಾರದ ಪದಗಳಲ್ಲಿಯೇ. ಮೇಜನ್ನು, ಲೇಖನಿಯನ್ನು ಬೆರಳಿಟ್ಟು ತೋರಿಸಬಹುದು. ಕಮಿಷನನ್ನು ತೋರಿಸುವುದು ಹೇಗೆ? 'ನಿಮ್ಮ ಪ್ರೊವಿಜಿಯೋನ್ ಬೇರೆ, ಈ ಪ್ರಾವಿಜನ್ ಬೇರೆ' ಎಂಬ ಒಂದು ಮಾತನ್ನು ಜರ್ಮನ್ನಿನಲ್ಲಿ ಹೇಳಿದರೆ ಮುಗಿಯುತ್ತದೆ. ಅದನ್ನು ಹೇಳಬಾರದೆಂದರೆ ವಿದ್ಯಾರ್ಥಿ ತಲೆಯಾಡಿಸಿ ತಪ್ಪು ಅರ್ಥದೊಡನೆ ಮನೆಗೆ ಹೋಗುತ್ತಾನೆ.

ಇನ್ನೂ ಕೆಲವು ಪದಗಳಿಗೆ ಸುಳ್ಳು ಗೆಳೆಯರೂ ಇಲ್ಲ, ನಿಜವಾದವರೂ ಇಲ್ಲ. ಜರ್ಮನ್ ಷೇರು ಕಂಪನಿಯಲ್ಲಿ ಆಡಳಿತ ನಡೆಸುವ 'ಫೋರ್‌ಸ್ಟಾಂಡ್' ಒಂದು, ಅದರ ಮೇಲೆ ಕಣ್ಣಿಡುವ 'ಔಫ್‌ಜಿಷ್ಟ್ಸ್‌ರಾಟ್' ಇನ್ನೊಂದು. 1976ರ ಕಾನೂನಿನಂತೆ ಎರಡು ಸಾವಿರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ಈ ಎರಡನೆಯ ಮಂಡಳಿಯ ಅರ್ಧ ಸ್ಥಾನಗಳು ನೌಕರರ ಪಾಲಿನವು. ಇಂಗ್ಲೆಂಡಿನ ಕಂಪನಿಗಳಿಗೆ ಇರುವುದು ಸಾಮಾನ್ಯವಾಗಿ ಒಂದೇ 'ಬೋರ್ಡ್'. ಇಲ್ಲಿ ಪದ ಕಲಿಸಿದರೆ ಸಾಲದು, ಕಾನೂನನ್ನೇ ಕಲಿಸಬೇಕು.

ಅಂಕಿಗಳಾದರೂ ನಂಬಿಕೆಗೆ ಅರ್ಹವೇ? ಜರ್ಮನ್ನರ 'ಬಿಲಿಯೋನ್' ಲಕ್ಷ ಕೋಟಿ. ಅಮೆರಿಕನ್ನರ 'ಬಿಲಿಯನ್' ನೂರು ಕೋಟಿ. ಬ್ರಿಟನ್ನೂ ಮೊದಲು ಜರ್ಮನ್ನರಂತೆಯೇ ಎಣಿಸುತ್ತಿತ್ತು, 1974ರಲ್ಲಿ ಅದರ ಸರ್ಕಾರ ಅಮೆರಿಕನ್ ಲೆಕ್ಕಕ್ಕೆ ಬದಲಾಯಿತು. ಮೇಷ್ಟರುಗಳು ಪಾಠ ತಿದ್ದಿಕೊಳ್ಳಬೇಕಾಯಿತು. 1923ರ ಹಣದುಬ್ಬರದ ಕೊನೆಯಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ತೆತ್ತ ಜನಕ್ಕೆ ಇದು ಬರೀ ವ್ಯಾಕರಣದ ಪ್ರಶ್ನೆಯಲ್ಲ. ಗಡಿಯಾರದಲ್ಲೂ ಇದೇ ಪಾಡು: ಜರ್ಮನ್ನರ 'ಅರ್ಧ ನಾಲ್ಕು' ಮೂರೂವರೆ ಗಂಟೆ, ಇಂಗ್ಲಿಷರ ಆಡುಮಾತಿನ 'ಹಾಫ್ ಫೋರ್' ನಾಲ್ಕೂವರೆ.

ಈ ಎಲ್ಲ ಗೋಜಲು ಬದುಕಿನ ಪ್ರಶ್ನೆಯಾದದ್ದು 1990ರಲ್ಲಿ ಜರ್ಮನಿ ಒಂದಾದಾಗ. ಪೂರ್ವದ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಕಡ್ಡಾಯವಾಗಿದ್ದದ್ದು ರಷ್ಯನ್. ಸರ್ಕಾರಿ ಕಾರ್ಖಾನೆಗಳು ಮಾರಾಟವಾದವು, ಮುಚ್ಚಿದವು. ನಲವತ್ತು ದಾಟಿದ ಎಂಜಿನಿಯರು, ಲೆಕ್ಕಿಗರು ಹೊಸ ನೌಕರಿಗಾಗಿ ಹೊಸ ಭಾಷೆಯ ಬೆಂಚಿನ ಮೇಲೆ ಕೂರಬೇಕಾಯಿತು. 1919ರ ವೈಮರ್ ಸಂವಿಧಾನವೇ ಬೆಂಬಲ ಸಾರಿದ್ದ 'ಫೋಕ್ಸ್‌ಹೋಖ್‌ಶೂಲೆ' ಎಂಬ ಜನತಾ ವಿದ್ಯಾಲಯಗಳ ಸಂಜೆ ತರಗತಿಗಳು ಇಂಥವರಿಗೂ ಬಾಗಿಲು ತೆರೆದಿದ್ದವು. ಪಶ್ಚಿಮದವರಿಗೂ ನೆಮ್ಮದಿ ಇರಲಿಲ್ಲ. 1998ರಲ್ಲಿ ಡೈಮ್ಲರ್-ಬೆಂಜ್ ಅಮೆರಿಕದ ಕ್ರೈಸ್ಲರ್ ಜೊತೆ ಸೇರಿದಾಗ ಕಂಪನಿಯ ಕಾರ್ಯಭಾಷೆ ಇಂಗ್ಲಿಷಾಯಿತು. 2007ರಲ್ಲಿ ಆ ನಂಟು ಮುರಿಯಿತು.

ಅದೇ 1998ರಲ್ಲಿ ಜರ್ಮನಿಯ ತಂತ್ರಾಂಶ ಕಂಪನಿ ಎಸ್‌ಎಪಿ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು. ಇಲ್ಲಿ ಎರಡೂ ಕಡೆಯವರು ಮಾತಾಡುವುದು ಕಲಿತ ಇಂಗ್ಲಿಷನ್ನು. ಆದರೆ ತಂತ್ರಾಂಶದ ಒಳಗಿನ ಹಳೆಯ ಹೆಸರುಗಳು ಬಹುತೇಕ ಜರ್ಮನ್ ಸಂಕ್ಷೇಪಗಳಾಗಿಯೇ ಉಳಿದಿವೆ. ಗಿರಾಕಿಯ ಸಂಖ್ಯೆಯನ್ನು ಸೂಚಿಸುವ 'ಕೆ-ಯು-ಎನ್-ಎನ್-ಆರ್' ಎಂಬ ಅಕ್ಷರಗಳು ಅಂಥವು. ಅವುಗಳ ಪೂರ್ಣರೂಪ 'ಕುಂಡೆನ್‌ನುಮ್ಮರ್'. ಗಿರಾಕಿಗೆ ಜರ್ಮನ್ನಿನಲ್ಲಿ 'ಕುಂಡೆ' ಎನ್ನುತ್ತಾರೆಂದು ಕೇಳಿದ ಕನ್ನಡಿಗನಿಗೆ ನಗು ತಡೆಯುವುದು ಕಷ್ಟ. ಯಾಕೆ ನಗುತ್ತೀರಿ ಎಂದು ಜರ್ಮನ್ನನು ಕೇಳಿದರೆ ವಿವರಿಸುವುದು ಇನ್ನೂ ಕಷ್ಟ.