ಹುದ್ದೆಯೇ ಮನೆತನವಾದಾಗ: ಪಾಮನಕಲ್ಲೂರು ಸೀಮೆಯ ಪಾಟೀಲಕಿ

‘ಮಾಲಿಪಾಟೀಲ’ ಎಂಬ ಅಡ್ಡಹೆಸರು ಕೇಳಿದ ಹೊರಗಿನವರಿಗೆ ತೋಟದ ಮಾಲಿ ನೆನಪಾಗುವುದುಂಟು. ಈ ಮಾಲಿಗೂ ತೋಟಕ್ಕೂ ನಂಟಿಲ್ಲ. ಅರಬ್ಬಿಯ ‘ಮಾಲ್’ ಎಂದರೆ ಸಂಪತ್ತು. ನಿಜಾಮರ ದಫ್ತರದಲ್ಲಿ ಕಂದಾಯ. ಕಂದಾಯ ಎತ್ತುವವನು ಮಾಲಿಪಾಟೀಲ, ಕಳವು ಕೊಲೆಗಳ ಸುದ್ದಿಯನ್ನು ಠಾಣೆಗೆ ಮುಟ್ಟಿಸುವವನು ಪೊಲೀಸ್‌ಪಾಟೀಲ, ಲೆಕ್ಕ ಬರೆಯುವವನು ಪಟವಾರಿ. ಮೂರೂ ವತನದ ಹುದ್ದೆಗಳೇ, ಅಪ್ಪನಿಂದ ಮಗನಿಗೆ ಬರುವಂಥವು.

ಮೇಲಿನ ಆಳಿಕೆ ಹಲವು ಸಲ ಬದಲಾಯಿತು. 1853ರಲ್ಲಿ ಪಾಮನಕಲ್ಲೂರು ಸೀಮೆ ಸೇರಿದ ರಾಯಚೂರು ದೋಆಬ್ ಇಂಗ್ಲಿಷರ ಕೈಗೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿತು. ಲಿಂಗಸುಗೂರು ಜಿಲ್ಲೆಯೂ 1905ರಲ್ಲಿ ಅಳಿಯಿತು. ಊರಿನ ಚಾವಡಿಯಲ್ಲಿ ಕೂತ ಮನೆತನ ಮಾತ್ರ ಕದಲಲಿಲ್ಲ. ಕಾರಹುಣ್ಣಿಮೆಯಂದು ಈ ಭಾಗದ ಹಲವು ಊರುಗಳಲ್ಲಿ ಕರಿ ಹರಿಯುವ ಮೊದಲ ಮಾನ ಗೌಡರೆನಿಸಿದ ಪಾಟೀಲರ ಎತ್ತಿಗೇ. ಅಗಸೆಗೆ ಅಡ್ಡ ಕಟ್ಟಿದ ಹಗ್ಗವನ್ನು ಆ ಎತ್ತು ಹರಿದಾಗ, ಹುದ್ದೆ ಯಾರದೆಂದು ಓದುಬರಹ ಬಾರದವನಿಗೂ ತಿಳಿಯುತ್ತಿತ್ತು. ಅಧಿಕಾರ ಕಾಗದಕ್ಕಿಂತ ಹೆಚ್ಚಾಗಿ ಇಂಥ ಆಚಾರದಲ್ಲಿ ನೆಲೆಸಿತ್ತೆಂಬುದು ನನ್ನ ಎಣಿಕೆ.

ಹುದ್ದೆ ಮನೆತನಕ್ಕೆ ಅಂಟಿಕೊಳ್ಳುವುದು ನಮ್ಮಲ್ಲೇ ಹುಟ್ಟಿದ ವಿಚಿತ್ರವೇನಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಲ್ಲಿ 15ನೇ ಶತಮಾನದಿಂದ 17ನೆಯದರ ಆರಂಭದವರೆಗೆ ಪುರಾಧ್ಯಕ್ಷ ಪದವಿ ಮತ್ತೆ ಮತ್ತೆ ಮೆಂಜೀಸ್ ಮನೆತನಕ್ಕೇ ಸಂದಿತು. ಹಳೆಯ ಪುರಸಭೆಯೇ ಹೊಸದನ್ನು ಆರಿಸಬೇಕೆಂಬ 1469ರ ಕಾಯ್ದೆ ಅವರಿಗೆ ಒದಗಿಬಂತು. ಅಲ್ಲಿ ಹೆಸರಿಗಾದರೂ ಆಯ್ಕೆಯಿತ್ತು. ಇಲ್ಲಿ ಹುಟ್ಟೇ ಆಯ್ಕೆ.

ವತನದಾರ ಅಪ್ರಾಪ್ತನಾದರೆ, ಪರಸ್ಥಳದಲ್ಲಿದ್ದರೆ ಅಥವಾ ವತನ ಹೆಣ್ಣಿಗೆ ಬಂದಿದ್ದರೆ ಕೆಲಸ ನಡೆಸುವವನು ಗುಮಾಸ್ತ. ಹೆಸರು ಒಬ್ಬರದು, ರುಜು ಇನ್ನೊಬ್ಬರದು. ಮನೆತನದ ಆಳಿಕೆಯ ಕೀಲು ಇದೇ: ತಕ್ಕ ವ್ಯಕ್ತಿ ಇಲ್ಲದಾಗಲೂ ಕುರ್ಚಿ ಮನೆ ಬಿಟ್ಟು ಹೋಗುತ್ತಿರಲಿಲ್ಲ.

ಗ್ರಾಮಾಧಿಕಾರ ರದ್ದತಿ ಕಾಯ್ದೆ ರೂಪುಗೊಂಡದ್ದು 1961ರಲ್ಲಿ. 1963ರ ಫೆಬ್ರುವರಿ 1ರಿಂದ ವತನ ಹೋಯಿತು, ಗ್ರಾಮಲೆಕ್ಕಿಗ ಬಂದ. ಹುದ್ದೆ ಹೋದರೂ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯಿತು. ಮುಂದೆ ಊರಿನ ಕುರ್ಚಿ ಚುನಾವಣೆಗೆ ಬಿತ್ತು: 1987ರ ಮಂಡಲ ಪಂಚಾಯ್ತಿ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಮೀಸಲಾತಿ ಇತ್ತು, ಈಗ ಗ್ರಾಮ ಪಂಚಾಯ್ತಿಯಲ್ಲಿ ಅರ್ಧ. ಪರಿಶಿಷ್ಟರ ಕೇರಿಯಿಂದಲೂ ಅಧ್ಯಕ್ಷರು ಬಂದರು. ಇದು ಹಳೆಯ ಚಾವಡಿ ಕಾಣದ ಸಂಗತಿ. ಆದರೆ ಅಧ್ಯಕ್ಷೆ ಸಹಿ ಹಾಕುವಾಗ ಪಕ್ಕದ ಕುರ್ಚಿಯಲ್ಲಿ ಗಂಡ ಕೂತು ಕಡತ ತಿರುವುವ ನೋಟ ಕಂಡಾಗ ಹಳೆಯ ದಫ್ತರದ ಗುಮಾಸ್ತ ನೆನಪಾಗುತ್ತಾನೆ.