ಹಡಗಿಗೂ ಸರ್ವೇಯರ್ ಉಂಟು: ಹೊಳೆಬಾಗಿಲಿನಿಂದ ಬಾಂಬೆ ಹೈವರೆಗೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ತಾಲ್ಲೂಕುಗಳನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಸುಮಾರು 128 ಕಿಲೋಮೀಟರಿನ ಈ ಹಾದಿಯಲ್ಲಿ ನೀರಿಗೆ ಗೊತ್ತಿಲ್ಲದ ಗಡಿಯೊಂದಿದೆ. ಮೇಲಿನ ಹಿನ್ನೀರಿನಲ್ಲಿ ಓಡುವ ಲಾಂಚು ಒಳನಾಡು ನೌಕೆಗಳ ಕಾಯ್ದೆಗೆ ಒಳಪಟ್ಟರೆ, ಅಳಿವೆ ದಾಟಿ ಕಡಲಿಗಿಳಿದ ಹಡಗಿಗೆ ವಾಣಿಜ್ಯ ನೌಕಾಯಾನ ಕಾಯ್ದೆ ಅನ್ವಯಿಸುತ್ತದೆ. ಕಾಯ್ದೆ ಯಾವುದೇ ಇರಲಿ, ಪ್ರಶ್ನೆ ಮಾತ್ರ ಒಂದೇ. ಜನರನ್ನು ಹೊತ್ತ ಈ ನೌಕೆ ಸುರಕ್ಷಿತವಾಗಿ ದಡ ಸೇರೀತೆ?

ಈ ಪ್ರಶ್ನೆಗೆ ಸಹಿ ಹಾಕಿ ಉತ್ತರ ಕೊಡಬೇಕಾದ ಅಧಿಕಾರಿಯ ಹೆಸರೂ ಸರ್ವೇಯರ್. ಸರ್ವೇಯರ್ ಎಂದರೆ ಮಲೆನಾಡಿನ ರೈತನಿಗೆ ನೆನಪಾಗುವುದು ತೋಟದ ಬೇಲಿ ಅಳೆಯಲು ಸರಪಳಿ ಹಿಡಿದು ಬರುತ್ತಿದ್ದವರು. ಹಡಗಿನ ಸರ್ವೇಯರ್ ಅಳೆಯುವುದು ತಗಡಿನ ದಪ್ಪವನ್ನು, ನೀರಿನ ಮೇಲೆ ಉಳಿದಿರುವ ಒಡಲಿನ ಎತ್ತರವನ್ನು, ಮಗುಚಿಕೊಳ್ಳುವ ಮುನ್ನ ನೌಕೆ ಎಷ್ಟು ವಾಲಬಲ್ಲದು ಎಂಬುದನ್ನು. ಇಂಥವರನ್ನು ಹೇಗೆ ತಯಾರು ಮಾಡುತ್ತಾರೆ? ಈ ತರಬೇತಿಯ ಇತಿಹಾಸವನ್ನು ಕೆದಕಿದರೆ ಸಿಗುವುದು ಮುಳುಗಿದ ಹಡಗುಗಳ ಸರಮಾಲೆಯೇ.

ಮೊದಲು ನಮ್ಮದೇ ಹಿನ್ನೀರನ್ನು ನೋಡೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಅದಕ್ಕೂ ಮುಂಚಿನ ಮಡೆನೂರು ಅಣೆಕಟ್ಟೆಯೇ ನೀರಿನಡಿ ಸೇರಿತು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಜನ ಮೂರು ಕಡೆ ನೀರು, ಒಂದು ಕಡೆ ಕಾಡು ಎಂಬಂತೆ ಉಳಿದರು. ತುಮರಿ, ಬ್ಯಾಕೋಡಿನವರು ತಾಲ್ಲೂಕು ಕಚೇರಿಗೆ ಬರಬೇಕಾದರೂ, ಗರ್ಭಿಣಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದರೂ ಹೊಳೆ ದಾಟಲೇಬೇಕು. ಹೊಳೆಬಾಗಿಲಿನ ಲಾಂಚು ದಶಕಗಳ ಕಾಲ ಅವರ ಹೆದ್ದಾರಿಯಾಗಿತ್ತು. ಸಿಗಂದೂರಿನ ಭಕ್ತರು, ಅವರ ಕಾರು, ಜೀಪುಗಳು, ಜೊತೆಗೆ ಬಸ್ಸು, ಎಲ್ಲವೂ ಒಂದೇ ಅಟ್ಟದ ಮೇಲೆ. ಹಸಿರುಮಕ್ಕಿ, ಮುಪ್ಪಾನೆಗಳಲ್ಲೂ ಇಂಥದೇ ಲಾಂಚು ಸೇವೆ ಬಂತು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಇವುಗಳನ್ನು ನಡೆಸುತ್ತಿತ್ತು. ಕಾರವಾರದಲ್ಲಿ ಕೇಂದ್ರ ಕಚೇರಿ ಇರುವ, ಕಡಲಿನ ಬಂದರುಗಳನ್ನು ನೋಡಿಕೊಳ್ಳುವ ಇಲಾಖೆಗೆ ಘಟ್ಟದ ಮೇಲೂ ಕೆಲಸ!

ಹಿನ್ನೀರೆಂದರೆ ನಿಂತ ನೀರು, ಅಲ್ಲೇನು ಅಪಾಯ ಎನ್ನುವವರುಂಟು. ಹಾಗೇನಿಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಳೆ ಕೈಕೊಟ್ಟ ವರ್ಷ ಮೇ, ಜೂನ್ ಹೊತ್ತಿಗೆ ನೀರು ಎಷ್ಟು ಇಳಿಯುತ್ತದೆಂದರೆ ಲಾಂಚು ದಡಕ್ಕೆ ಒರಗುವುದೇ ಕಷ್ಟವಾಗುತ್ತಿತ್ತು. ಆಗ ವಾಹನಗಳನ್ನು ನಿಲ್ಲಿಸಿ ಜನರನ್ನು ಮಾತ್ರ ದಾಟಿಸಿದ್ದೂ ಉಂಟು. ಮುಳುಗಿದ ಕಾಡಿನ ಬೊಡ್ಡೆಗಳು ನೀರಿನ ಅಡಿಯಲ್ಲಿ ಇದ್ದೇ ಇವೆ. ಮಳೆಗಾಲದಲ್ಲಿ ಗಾಳಿ ಎದ್ದರೆ ಈ ಹಿನ್ನೀರು ಸಣ್ಣ ಕಡಲೇ. ಒಂದು ಬದಿಗೆ ಬಸ್ಸು, ಇನ್ನೊಂದು ಬದಿಗೆ ನಾಲ್ಕು ಬೈಕು ನಿಂತರೆ ಲಾಂಚು ಎಷ್ಟು ವಾಲುತ್ತದೆ ಎಂಬುದನ್ನು ಯಾರಾದರೂ ಮೊದಲೇ ಲೆಕ್ಕ ಹಾಕಿರಲೇಬೇಕು.

ಆ ಲೆಕ್ಕಕ್ಕೆ ಕಾನೂನಿನ ಆಧಾರ ದೊರೆತದ್ದು ಬ್ರಿಟಿಷರ ಕಾಲದಲ್ಲಿ. ನದಿಗಳಲ್ಲಿ ಓಡುವ ಉಗಿ ದೋಣಿಗಳಿಗಾಗಿ 1917ರಲ್ಲಿ ಬಂದ ಒಳನಾಡು ಉಗಿ ನೌಕೆಗಳ ಕಾಯ್ದೆ ಸರ್ವೆ ಪ್ರಮಾಣಪತ್ರವನ್ನೂ, ನಡೆಸುವ ಸಾರಂಗನಿಗೆ ಅರ್ಹತೆಯ ಪತ್ರವನ್ನೂ ಕಡ್ಡಾಯ ಮಾಡಿತು. ಉಗಿ ಹೋಗಿ ಡೀಸೆಲ್ ಬಂತು, ಕಾಯ್ದೆಗೆ ತಿದ್ದುಪಡಿಗಳಾದವು. ಆದರೂ ಶತಮಾನಕ್ಕೂ ಹೆಚ್ಚು ಕಾಲ ಅದರ ಮೂಲ ಚೌಕಟ್ಟು ಉಳಿಯಿತು. ಹುಟ್ಟು ಹಾಕುವ ದೋಣಿ, ಬಿದಿರಿನ ತೆಪ್ಪಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವು ಅಂಬಿಗನ ಅನುಭವಕ್ಕೆ ಬಿಟ್ಟ ವಿಷಯವಾಗಿದ್ದವು.

ಗೆರೆ ಎಳೆದ ಪ್ಲಿಮ್‌ಸಾಲ್

ಅಂಬಿಗನ ಕಣ್ಣಂದಾಜು ಕಾನೂನಿನ ಗೆರೆಯಾದದ್ದು ಇಂಗ್ಲೆಂಡಿನಲ್ಲಿ. ಹತ್ತೊಂಬತ್ತನೇ ಶತಮಾನದ ಕೆಲವು ಹಡಗು ಮಾಲೀಕರು ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ, ದೊಡ್ಡ ಮೊತ್ತಕ್ಕೆ ವಿಮೆ ಮಾಡಿಸಿ ಕಳಿಸುತ್ತಿದ್ದರು. ಹಡಗು ಮುಳುಗಿದರೆ ಮಾಲೀಕನಿಗೆ ನಷ್ಟವಿಲ್ಲ, ನಾವಿಕರ ಮನೆಗಳಿಗೆ ಮಾತ್ರ ಸೂತಕ. ಜನ ಇಂಥವುಗಳನ್ನು ಶವಪೆಟ್ಟಿಗೆ ಹಡಗುಗಳೆಂದೇ ಕರೆದರು. ಸಂಸತ್ ಸದಸ್ಯ ಸ್ಯಾಮುಯೆಲ್ ಪ್ಲಿಮ್‌ಸಾಲ್ ನಡೆಸಿದ ಹೋರಾಟದ ಫಲವಾಗಿ 1876ರ ಕಾಯ್ದೆ ಹಡಗಿನ ಪಕ್ಕೆಗೆ ಭಾರದ ಗೆರೆ ಬಳಿಯಬೇಕೆಂದಿತು. ಸ್ವಾರಸ್ಯವೆಂದರೆ, ಗೆರೆಯನ್ನು ಎಲ್ಲಿ ಬಳಿಯಬೇಕೆಂಬುದನ್ನು ಮಾತ್ರ ಮಾಲೀಕನಿಗೇ ಬಿಡಲಾಗಿತ್ತು! ಸರ್ಕಾರವೇ ಜಾಗ ಗೊತ್ತುಮಾಡುವ ನಿಯಮಕ್ಕೆ 1890ರವರೆಗೆ ಕಾಯಬೇಕಾಯಿತು. ಇಂದಿಗೂ ಹಡಗಿನ ಪಕ್ಕೆಯಲ್ಲಿ ಕಾಣುವ, ನಡುವೆ ಅಡ್ಡಗೆರೆ ಇರುವ ವೃತ್ತ ಅದೇ. ಹೊಸದಾಗಿ ಸೇರಿದ ತಪಾಸಕನಿಗೆ ತೋರಿಸುವ ಮೊದಲ ಗುರುತುಗಳಲ್ಲಿ ಅದೂ ಒಂದು.

1912ರ ಟೈಟಾನಿಕ್ ಕಲಿಸಿದ ಪಾಠ ಇನ್ನೂ ಕಹಿಯಾದದ್ದು. ಆ ಹಡಗನ್ನು ಸರ್ಕಾರಿ ತಪಾಸಕರು ಪರೀಕ್ಷಿಸಿಯೇ ಪ್ರಮಾಣಪತ್ರ ಕೊಟ್ಟಿದ್ದರು. ನಿಯಮಕ್ಕೆ ಬೇಕಾಗಿದ್ದುದು 16 ರಕ್ಷಣಾ ದೋಣಿ, ಹಡಗಿನಲ್ಲಿದ್ದುದು 20. ಆದರೆ ನಿಯಮ ಬರೆದ ಕಾಲಕ್ಕೆ ಹತ್ತು ಸಾವಿರ ಟನ್ನಿನ ಹಡಗೇ ದೊಡ್ಡದು, ಟೈಟಾನಿಕ್ 46 ಸಾವಿರ ಟನ್ನಿನದು. ಎರಡು ಸಾವಿರಕ್ಕೂ ಹೆಚ್ಚು ಜನರಿದ್ದ ಹಡಗಿನ ದೋಣಿಗಳಲ್ಲಿ ಜಾಗವಿದ್ದುದು 1178 ಮಂದಿಗೆ. ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು! 1914ರಲ್ಲಿ ಮೊದಲ ಅಂತಾರಾಷ್ಟ್ರೀಯ ಸಮುದ್ರ ಸುರಕ್ಷತಾ ಒಪ್ಪಂದ ಲಂಡನ್ನಿನಲ್ಲಿ ರೂಪುಗೊಂಡಿತು. ಈಗ ಜಾರಿಯಲ್ಲಿರುವುದು 1974ರ ರೂಪ. ನಿಯಮವನ್ನು ಓದುವುದೇ ತಪಾಸಣೆಯಲ್ಲ ಎಂಬುದು ಮಾತ್ರ ಪ್ರತಿ ತಲೆಮಾರಿನ ತಪಾಸಕರೂ ಹೊಸದಾಗಿ ಕಲಿಯಬೇಕಾದ ಪಾಠ.

ಸಮುದ್ರ ಸುರಕ್ಷಾ ಎಂಬ ಹಡಗು

ಸ್ವತಂತ್ರ ಭಾರತದಲ್ಲಿ ಹಡಗು ತಪಾಸಣೆಯ ಹೊಣೆ ನೌಕಾಯಾನ ಮಹಾನಿರ್ದೇಶನಾಲಯಕ್ಕೂ ಅದರ ವಾಣಿಜ್ಯ ನೌಕಾ ಇಲಾಖೆಗೂ ಬಂತು. ಬಹುಕಾಲ ಇದಕ್ಕೆ ಆಧಾರವಾಗಿದ್ದ 1958ರ ಕಾಯ್ದೆಯ ಬದಲಿಗೆ 2025ರಲ್ಲಿ ಸಂಸತ್ತು ಹೊಸದನ್ನು ಅಂಗೀಕರಿಸಿದೆ. ಆದರೆ 1974ರಲ್ಲಿ ಮುಂಬಯಿಯ ಆಚೆ, ಬಾಂಬೆ ಹೈನಲ್ಲಿ ತೈಲ ಸಿಕ್ಕಿದಾಗ ಹೊಸದೇ ಆದ ಹಡಗುಗಳ ಸಂತತಿ ನಮ್ಮ ಕಡಲಿಗೆ ಬಂತು. ತೈಲ ಪತ್ತೆ ಮಾಡಿದ ಕೊರೆಯುವ ಹಡಗಿನ ಹೆಸರು ಸಾಗರ ಸಾಮ್ರಾಟ್. (ಕೆಳದಿಯ ಸದಾಶಿವ ನಾಯಕನ ಹೆಸರಿನ ಕೆರೆಯಿಂದ ಹೆಸರು ಪಡೆದ ನಮ್ಮ ಸಾಗರಕ್ಕೂ ಅದಕ್ಕೂ ಸಂಬಂಧವಿಲ್ಲ.) ಸಾಮಾನು ಪೂರೈಸುವ ಹಡಗು, ಮುಳುಗುಗಾರರನ್ನು ಇಳಿಸುವ ಹಡಗು, ಲಂಗರು ಎಳೆಯುವ ಟಗ್, ನೂರಾರು ಕಾರ್ಮಿಕರು ಮಲಗುವ ಬಾರ್ಜ್, ಹೀಗೆ ಹಲವು ಬಗೆ. ಇವು ಸರಕು ಹಡಗಿನಂತೆ ಬಂದರಿನಿಂದ ಬಂದರಿಗೆ ಹೋಗುವುದಿಲ್ಲ. ತೈಲ ಮತ್ತು ಅನಿಲ ತುಂಬಿದ ಕೊಳವೆಗಳ ಪಕ್ಕದಲ್ಲೇ, ಅಲೆಯ ಮೇಲೆ ಅಲುಗದಂತೆ ನಿಂತು ಕೆಲಸ ಮಾಡಬೇಕು.

ಹಾಗೆ ನಿಲ್ಲಲಾಗದಿದ್ದರೆ ಏನಾಗುತ್ತದೆ ಎಂಬುದು ತಿಳಿದದ್ದು 2005ರ ಜುಲೈ 27ರಂದು, ಮುಂಬಯಿಯನ್ನು ಮುಳುಗಿಸಿದ ಮಹಾಮಳೆಯ ಮರುದಿನ. ಸಮುದ್ರ ಸುರಕ್ಷಾ ಎಂಬ ಹಡಗಿನಲ್ಲಿ ಅಡುಗೆಯವರೊಬ್ಬರ ಬೆರಳಿಗೆ ಪೆಟ್ಟಾಯಿತು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬರುವಂತಿರಲಿಲ್ಲ. ಗಾಯಾಳುವನ್ನು ಕ್ರೇನಿನ ಮೂಲಕ ಬಾಂಬೆ ಹೈ ನಾರ್ತ್ ವೇದಿಕೆಗೆ ಏರಿಸಲೆಂದು ಹಡಗು ಹತ್ತಿರ ಬಂತು. ಅದನ್ನು ಬದಿಗೆ ಸರಿಸುವ ಥ್ರಸ್ಟರ್ ಯಂತ್ರಗಳಲ್ಲಿ ಒಂದಕ್ಕೆ ತೊಂದರೆಯಿದ್ದು ಕೈಯಿಂದಲೇ ನಿಯಂತ್ರಿಸಬೇಕಾಗಿತ್ತು. ಗಾಯಾಳುವನ್ನು ದಾಟಿಸಿದ್ದಾಯಿತು, ಆದರೆ ಅಲೆಯ ಹೊಡೆತಕ್ಕೆ ಹಡಗು ಮೇಲೆದ್ದು ಅನಿಲ ಸಾಗುವ ಕೊಳವೆಗೆ ಬಡಿಯಿತು. ಸುಮಾರು ಎರಡು ಗಂಟೆಯಲ್ಲಿ ವೇದಿಕೆ ಸುಟ್ಟು ಕಡಲಿಗೆ ಕುಸಿಯಿತು. 384 ಮಂದಿಯಲ್ಲಿ 22 ಮಂದಿ ಸತ್ತರು ಅಥವಾ ಕಾಣೆಯಾದರು. ಹಡಗಿನ ಒತ್ತಡದ ಕೋಣೆಯಲ್ಲಿದ್ದ ಆರು ಮುಳುಗುಗಾರರು ಹೊರಬರುವಂತೆಯೂ ಇರಲಿಲ್ಲ, ಏಕೆಂದರೆ ಒತ್ತಡ ಒಮ್ಮೆಲೇ ಇಳಿದರೆ ರಕ್ತದಲ್ಲಿ ಗುಳ್ಳೆಯೆದ್ದು ಸಾವೇ. ಸುಮಾರು 36 ಗಂಟೆಗಳ ಬಳಿಕ ಅವರನ್ನು ಉಳಿಸಲಾಯಿತು. ಉರಿದ ಹಡಗು ಆಗಸ್ಟ್ 1ರಂದು ಮುಳುಗಿತು.

ಯಾವ ಒಂದು ದೋಷವೂ ಇಲ್ಲಿ ಒಂಟಿಯಾಗಿ ಕೊಂದಿಲ್ಲ. ಕೆಟ್ಟ ಯಂತ್ರ, ಕೆಟ್ಟ ಹವೆ, ಕಾವಲಿಲ್ಲದ ಕೊಳವೆ, ಹತ್ತಿರ ಹೋಗುವ ನಿರ್ಧಾರ, ಇವು ನಾಲ್ಕೂ ಕೂಡಿದವು. ಮೂರು ವರ್ಷಗಳ ಬಳಿಕ, 2008ರಲ್ಲಿ, ಕಡಲಾಚೆಯ ತೈಲ ಕೆಲಸಗಳ ಸುರಕ್ಷತೆಗೆಂದೇ ಕೇಂದ್ರದ ನಿಯಮಗಳು ಬಂದವು. ತೈಲ ಕೈಗಾರಿಕಾ ಸುರಕ್ಷತಾ ನಿರ್ದೇಶನಾಲಯಕ್ಕೆ ಅವುಗಳ ಹೊಣೆ ಬಿತ್ತು.

ಪ್ರಪಂಚದ ತೈಲ ಕಂಪೆನಿಗಳೂ ಈ ಹೊತ್ತಿಗೆ ತಮ್ಮದೇ ಪರೀಕ್ಷಾ ಪದ್ಧತಿ ಕಟ್ಟಿಕೊಂಡಿದ್ದವು. ಕಡಲ ಗುತ್ತಿಗೆದಾರರ ಸಂಘ 1999ರಲ್ಲಿ ಸಮಾನ ತಪಾಸಣಾ ದಾಖಲೆಯೊಂದನ್ನು ತಂದಿತು. ತೈಲ ಕಂಪೆನಿಗಳ ವೇದಿಕೆ 2010ರಲ್ಲಿ ಓವಿಡ್ ಎಂಬ ದಾಖಲೆ ಕೋಶ ಆರಂಭಿಸಿತು. ಬೇರೆ ಬೇರೆ ಕಂಪೆನಿಗಳು ಒಂದೇ ಹಡಗನ್ನು ಮತ್ತೆ ಮತ್ತೆ ತಪಾಸಣೆ ಮಾಡುವ ಬದಲು ಒಬ್ಬರ ವರದಿಯನ್ನು ಎಲ್ಲರೂ ಓದಬಹುದು ಎಂಬುದು ಇದರ ಹಿಂದಿನ ಲೆಕ್ಕ. ಆದರೆ ಒಬ್ಬರ ವರದಿಯನ್ನೇ ಎಲ್ಲರೂ ನಂಬುವುದಾದರೆ ಆ ಒಬ್ಬನ ತರಬೇತಿ ಗಟ್ಟಿಯಾಗಿರಬೇಕು.

ತರಬೇತಿಯ ಬಗೆ

ಇಂಥ ತಪಾಸಕರಾಗುವವರು ಸಾಮಾನ್ಯವಾಗಿ ವರ್ಷಗಟ್ಟಲೆ ಕಡಲಲ್ಲಿ ದುಡಿದ ಕಪ್ತಾನರು, ಮುಖ್ಯ ಎಂಜಿನಿಯರುಗಳು, ಇಲ್ಲವೇ ಹಡಗು ವಿನ್ಯಾಸ ಓದಿದವರು. ತರಗತಿ, ಪರೀಕ್ಷೆಗಳಾದ ಮೇಲೆ ಅನುಭವಿಯೊಬ್ಬರ ಬೆನ್ನಹಿಂದೆ ಹಡಗು ಹತ್ತಿ ನೋಡಬೇಕು, ಬಳಿಕವೇ ಸ್ವಂತ ಸಹಿ. ಕಲಿಯುವುದರಲ್ಲಿ ಎಲ್ಲಕ್ಕಿಂತ ಕುತೂಹಲದ್ದು ವಾಲಿಸುವ ಪರೀಕ್ಷೆ. ನಿಶ್ಚಲ ನೀರಿನಲ್ಲಿ ಹಡಗನ್ನು ನಿಲ್ಲಿಸಿ, ಗೊತ್ತಿರುವ ತೂಕಗಳನ್ನು ಅಟ್ಟದ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸುತ್ತಾರೆ. ಗಾರೆ ಕೆಲಸದವರು ಗೋಡೆಗೆ ಹಿಡಿಯುವ ತೂಗುಗುಂಡಿನಂಥದೇ ಗುಂಡು ಒಳಗೆ ನೇತಾಡುತ್ತಿರುತ್ತದೆ. ಅದು ಎಷ್ಟು ಸರಿಯಿತು ಎಂಬುದರಿಂದ ಹಡಗಿನ ಭಾರದ ಕೇಂದ್ರ ಎಲ್ಲಿದೆ ಎಂದು ಲೆಕ್ಕ ಸಿಗುತ್ತದೆ. ಭಾರ ಮೇಲೇರಿದಷ್ಟೂ ಹಡಗು ಮಗುಚುವುದು ಸುಲಭ. ಟಾಪಿನ ಮೇಲೆ ಅಡಿಕೆ ಮೂಟೆ ಪೇರಿಸಿದ ಬಸ್ಸು ಘಟ್ಟದ ತಿರುವಿನಲ್ಲಿ ಹೇಗೆ ವಾಲುತ್ತದೆಂದು ಬಲ್ಲ ಮಲೆನಾಡಿಗರಿಗೆ ಇದನ್ನು ವಿವರಿಸಬೇಕಿಲ್ಲ.

ಲೋಹದ ತಗಡು ಎಷ್ಟು ಸವೆದಿದೆ ಎಂದು ಶ್ರವಣಾತೀತ ಧ್ವನಿಯ ಉಪಕರಣದಿಂದ ಅಳೆಯುವುದು, ಮುಚ್ಚಿದ ಟ್ಯಾಂಕಿನೊಳಗೆ ಇಳಿಯುವ ಮುನ್ನ ಆಮ್ಲಜನಕ ಪರೀಕ್ಷಿಸುವುದು ಇನ್ನೆರಡು ಪಾಠ. ತುಕ್ಕು ಹಿಡಿಯುವಾಗ ಕಬ್ಬಿಣ ಟ್ಯಾಂಕಿನ ಆಮ್ಲಜನಕವನ್ನೇ ಹೀರಿಬಿಡುತ್ತದೆ. ಹಳ್ಳಿಯಲ್ಲಿ ಬಾವಿಗೆ ಇಳಿಯುವವರು ಮೊದಲು ದೀಪ ಇಳಿಸಿ ನೋಡುವುದು ಇದೇ ಭಯಕ್ಕೆ, ಆದರೆ ತೈಲದ ಅನಿಲವಿರುವಲ್ಲಿ ಆ ದೀಪವೇ ಯಮ. ಕಂಪ್ಯೂಟರ್ ಹಿಡಿತದಲ್ಲಿ ಲಂಗರಿಲ್ಲದೆ ನಿಲ್ಲುವ ಹಡಗುಗಳಲ್ಲಂತೂ ಬೇಕೆಂದೇ ಒಂದೊಂದೇ ಯಂತ್ರ ಆರಿಸಿ, ಹಡಗು ಜಾಗ ಬಿಟ್ಟು ಕದಲುತ್ತದೆಯೇ ಎಂದು ನೋಡುತ್ತಾರೆ. ಕೊನೆಗೆ ಸಿಬ್ಬಂದಿಯೊಂದಿಗೆ ಮಾತು. ಬೆಂಕಿ ಬಿದ್ದರೆ ಯಾವ ಕಡೆ ಓಡುತ್ತೀರಿ ಎಂದು ನಿನ್ನೆ ಸೇರಿದ ಅಡುಗೆ ಸಹಾಯಕನನ್ನು ಕೇಳಿದರೆ ಸಿಗುವ ಉತ್ತರ ಕಡತಗಳಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಇದ್ದೂ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಎದ್ದಾಗ ಪಿ-305 ಬಾರ್ಜ್ ಲಂಗರು ಕಿತ್ತುಕೊಂಡು ಮುಳುಗಿತು. ಅದರಲ್ಲಿದ್ದವರು 261 ಮಂದಿ. ಅದೂ ವರಪ್ರದಾ ಎಂಬ ಟಗ್ಗೂ ಸೇರಿ 86 ಜೀವಗಳು ಹೋದವು. ರಬ್ಬರಿನ ರಕ್ಷಣಾ ತೆಪ್ಪಗಳಲ್ಲಿ ಅನೇಕವು ತೂತಾಗಿದ್ದವೆಂದು ಬದುಕುಳಿದವರು ದೂರಿದರು. ಅದೇ ಚಂಡಮಾರುತಕ್ಕೆ ನಮ್ಮ ಕರಾವಳಿಯಲ್ಲೂ ಎರಡು ಟಗ್‌ಗಳು ಸಿಕ್ಕಿಬಿದ್ದವು. ಅಲಯನ್ಸ್ ಮಗುಚಿ ಸಾವು ಸಂಭವಿಸಿತು. ಮೂಲ್ಕಿಯ ಬಂಡೆಗಳ ಬಳಿ ಸಿಕ್ಕಿಕೊಂಡ ಕೋರಮಂಡಲ್ ಸಪೋರ್ಟರ್‌ನ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಪಾರುಮಾಡಿದವು. ಹಡಗನ್ನು ಪರೀಕ್ಷಿಸಿದರಷ್ಟೇ ಸಾಲದು, ಬಿರುಗಾಳಿಯ ಮುನ್ಸೂಚನೆ ಬಂದಾಗ ಹೊರಡು ಎಂದು ಹೇಳುವ ಅಧಿಕಾರ ಯಾರದು ಎಂಬುದನ್ನೂ ಪರೀಕ್ಷಿಸಬೇಕಲ್ಲವೇ?

ದೊಡ್ಡ ಹಡಗುಗಳ ಸ್ಥಿತಿ ಹೀಗಿದ್ದರೆ ಸಣ್ಣ ದೋಣಿಗಳದು ಇನ್ನೂ ಶೋಚನೀಯ. ಕೇರಳದ ತೇಕ್ಕಡಿಯಲ್ಲಿ, ನಮ್ಮ ಶರಾವತಿಯಂಥದೇ ಹಿನ್ನೀರಿನಲ್ಲಿ, 2009ರ ಸೆಪ್ಟೆಂಬರ್ 30ರಂದು ಎರಡಂತಸ್ತಿನ ವಿಹಾರ ದೋಣಿ ಮಗುಚಿ 45 ಮಂದಿ ಸತ್ತರು. ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದದ್ದು ಕಾರಣವೆಂದರು. ಆದರೆ ಪ್ರವಾಸಿಗರು ಪ್ರಾಣಿ ನೋಡಲೆಂದೇ ಹತ್ತುವ ದೋಣಿ ಅಷ್ಟನ್ನು ತಾಳಿಕೊಳ್ಳಬೇಡವೇ? ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಮಂದಿ ತೀರಿಕೊಂಡರು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 22 ಮಂದಿ ಸತ್ತ ದೋಣಿ, ಮೀನುಗಾರಿಕೆಯದನ್ನು ವಿಹಾರಕ್ಕೆಂದು ಮಾರ್ಪಡಿಸಿದ್ದು.

ಶತಮಾನದ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ನೌಕೆಗಳ ಹೊಸ ಕಾಯ್ದೆ ಬಂದಿದೆ. ಸರ್ವೆ, ನೋಂದಣಿಗಳಿಗೆ ದೇಶಕ್ಕೆಲ್ಲ ಒಂದೇ ಅಳತೆ. ಎಂಜಿನ್ ಇಲ್ಲದ ದೋಣಿಗಳ ಲೆಕ್ಕವನ್ನೂ ಸ್ಥಳೀಯ ಸಂಸ್ಥೆಗಳ ಮೂಲಕ ಇಡಲು ಅದರಲ್ಲಿ ಮೊದಲ ಬಾರಿಗೆ ಅವಕಾಶವಿದೆ. ಶರಾವತಿಯ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ತುಮರಿಯವರು ಲಾಂಚಿನ ಸರದಿಗೆ ಕಾಯಬೇಕಾದ ಕಷ್ಟ ಅಲ್ಲಿಗೆ ತೀರಿತು. ಆದರೆ ಸೇತುವೆ ಇಲ್ಲದ ಕಡೆ ಮೀನಿಗೆ, ಮೇವಿಗೆ, ಆಚೆ ದಡದ ಗದ್ದೆಗೆ ಹೋಗುವ ತೆಪ್ಪ, ದೋಣಿಗಳು ಹಿನ್ನೀರಿನಲ್ಲಿ ಇನ್ನೂ ಇವೆ. ಅವುಗಳ ಲೆಕ್ಕವನ್ನು ಪಂಚಾಯಿತಿಯೇ ಇಡುವುದಾದರೆ, ದೋಣಿಯನ್ನು ನೋಡಿ ಸರಿ ತಪ್ಪು ಹೇಳಬಲ್ಲ ಒಬ್ಬನನ್ನಾದರೂ ತರಬೇತಿಗೆ ಕಳಿಸುವ ಕೆಲಸ ಕರೂರು, ಬಾರಂಗಿಯ ಪಂಚಾಯಿತಿಗಳಿಂದಲೇ ಶುರುವಾಗಬೇಕಾಗುತ್ತದೆ.