ಕಾಂಪೌಂಡರ್ ಕಾಲದಿಂದ ಫಾರ್ಮಸಿಸ್ಟ್ ಪದವಿಯವರೆಗೆ

ಔಷಧ ಕೊಡುವವರನ್ನು ನಮ್ಮ ಹಿರಿಯರು ‘ಕಾಂಪೌಂಡರ್’ ಎಂದೇ ಕರೆಯುತ್ತಿದ್ದರು. ಡಾಕ್ಟರ ಚೀಟಿ ನೋಡಿ ಮಿಕ್ಸ್ಚರ್ ಕಲಸಿ, ಎಷ್ಟು ಕುಡಿಯಬೇಕೆಂದು ತಿಳಿಯಲು ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದವರು ಅವರು.

ಈ ವೃತ್ತಿಗೂ ಇಸ್ಲಾಮೀ ಇತಿಹಾಸಕ್ಕೂ ಹಳೆಯ ನಂಟಿದೆ. ಒಂಬತ್ತನೆಯ ಶತಮಾನದ ಬಾಗ್ದಾದ್‌ನಲ್ಲಿ ವೈದ್ಯರೇ ಬೇರೆ, ಔಷಧ ಮಾರುವವರೇ ಬೇರೆ ಇದ್ದರು. ಕಲಬೆರಕೆ ತಡೆಯಲು ಮಾರುಕಟ್ಟೆ ಅಧಿಕಾರಿ ಮುಹ್ತಸಿಬ್ ಅಂಗಡಿಗಳನ್ನು ಪರೀಕ್ಷಿಸುತ್ತಿದ್ದನು. ಹನ್ನೊಂದನೆಯ ಶತಮಾನದ ಅಲ್ ಬಿರೂನಿ ತನ್ನ ‘ಕಿತಾಬ್ ಅಸ್ಸೈದನ’ದಲ್ಲಿ ಒಂದೊಂದು ಔಷಧಕ್ಕೂ ಹಲವು ಭಾಷೆಗಳ ಹೆಸರುಗಳನ್ನು ಕೊಟ್ಟನು. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆಯಲ್ಲವೇ? ಒಂದೇ ಪ್ಯಾರಾಸಿಟಮಾಲ್ ಹತ್ತಾರು ಬ್ರಾಂಡುಗಳಲ್ಲಿ ಬರುವ ಇಂದಿಗೂ ಈ ತೊಡಕು ಹಾಗೆಯೇ ಇದೆ.

ನಮ್ಮ ದೇಶದಲ್ಲಿ 1930ರಲ್ಲಿ ನೇಮಕವಾದ ಚೋಪ್ರಾ ಸಮಿತಿಯು ಔಷಧಗಳ ಮೇಲೆ ಕಾನೂನಿನ ಹಿಡಿತ ಬೇಕೆಂದಿತು. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಶಿಕ್ಷಣ ಆರಂಭವಾಯಿತು. ಖ್ವಾಜಾ ಅಬ್ದುಲ್ ಹಮೀದ್ ಅವರು 1935ರಲ್ಲಿ ಮುಂಬಯಿಯಲ್ಲಿ ಸಿಪ್ಲಾ ಸ್ಥಾಪಿಸಿದರು.

ನೀವು ಮುಖ್ಯವಾಗಿ ತಿಳಿಯಬೇಕಾದದ್ದು 1948ರ ಫಾರ್ಮಸಿ ಕಾಯಿದೆ. ಓದದಿದ್ದರೂ ಐದು ವರ್ಷ ಆಸ್ಪತ್ರೆಯಲ್ಲೋ ಔಷಧಾಲಯದಲ್ಲೋ ಔಷಧ ಕಲಸಿದ ಅನುಭವಿಗಳು ಮೊದಲ ನೋಂದಣಿ ಪಟ್ಟಿಗೆ ಸೇರಬಹುದೆಂದು ಅದು ಹೇಳಿತು. ಅದು ಆ ತಲೆಮಾರಿಗೆ ತೆರೆದ ಬಾಗಿಲು. ಬಹಳ ಹಿಂದೆಯೇ ಮುಚ್ಚಿಹೋಯಿತು. ಎಸ್ಸೆಸ್ಸೆಲ್ಸಿ ಮುಗಿಸಿ ಮೆಡಿಕಲ್ ಸ್ಟೋರ್ ಸೇರುವ ನಮ್ಮ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಹತ್ತು ವರ್ಷದಲ್ಲಿ ಕಪಾಟಿನ ಮಾತ್ರೆಗಳೆಲ್ಲ ಬಾಯಿಪಾಠವಾದರೂ ಕಾನೂನಿನ ಕಣ್ಣಿನಲ್ಲಿ ಅವರು ಸಹಾಯಕರೇ. ಸಂಬಳವೂ ಅಷ್ಟಕ್ಕೇ ನಿಲ್ಲುತ್ತದೆ.

ದಾರಿ ತೀರಾ ದೂರದ್ದಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಡಿ.ಫಾರ್ಮ ಸೇರಬಹುದು: ಎರಡು ವರ್ಷದ ಓದು, ಆಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಬಿ.ಫಾರ್ಮ ನಾಲ್ಕು ವರ್ಷ. ನಂತರ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ. ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು 1966ರಲ್ಲಿ ಕಟ್ಟಿದ ಅಲ್ ಅಮೀನ್ ಸಂಸ್ಥೆಯು ಬೆಂಗಳೂರಿನಲ್ಲಿ ಫಾರ್ಮಸಿ ಕಾಲೇಜು ತೆರೆಯಿತು. ಅಲ್ಲಿಯವರೆಗೆ ಹೋಗಲಾಗದ ಹೊಸದುರ್ಗದ ಹೆಣ್ಣುಮಕ್ಕಳಿಗೆ ಚಿತ್ರದುರ್ಗದಲ್ಲೇ ಎಸ್.ಜೆ.ಎಂ. ಫಾರ್ಮಸಿ ಕಾಲೇಜಿದೆ.

ಇನ್ನೊಂದು ಮಾತು. ಪಾಸಾದ ಮೇಲೆ ಪ್ರಮಾಣಪತ್ರವನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ. ರೋಗಿಗೆ ಔಷಧದ ಬಗ್ಗೆ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ನಿಯಮಗಳು ಸ್ಪಷ್ಟವಾಗಿ ಹೇಳಿವೆ; ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಆ ಕೆಲಸ ಮಾಡಲಾರದು.